ಒಂದೇ ಚೆಂಡು, ಇಬ್ಬರು ಓಟಗಾರರು: ಅಮೆರಿಕದ ಕಾಲೇಜ್ ಫುಟ್‌ಬಾಲ್‌ನ ಜೋಡಿ ಲೆಕ್ಕಾಚಾರ

2025ರ ಜನವರಿ 20ರ ರಾತ್ರಿ ಅಟ್ಲಾಂಟಾದಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ ನೋಟರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿ ಅಮೆರಿಕದ ಕಾಲೇಜ್ ಫುಟ್‌ಬಾಲ್ ಚಾಂಪಿಯನ್ ಆಯಿತು. ಚೆಂಡು ಹಿಡಿದು ಓಡುವುದೇ ಮುಖ್ಯ ಕೆಲಸವಾಗಿದ್ದ ಇಬ್ಬರು ಆ ತಂಡದಲ್ಲಿದ್ದರು: ಕ್ವಿನ್‌ಶಾನ್ ಜಡ್ಕಿನ್ಸ್ ಮತ್ತು ಟ್ರೆವಿಯಾನ್ ಹೆಂಡರ್ಸನ್. ಆ ಸೀಸನ್‌ನಲ್ಲಿ ಇಬ್ಬರೂ ತಲಾ ಸಾವಿರ ಗಜ ದಾಟಿದ್ದರು. ಬೇರೆ ಬಹುಪಾಲು ತಂಡಗಳಲ್ಲಿ ಇವರಲ್ಲಿ ಯಾರೇ ಇದ್ದರೂ ಅವನೇ ನಂಬರ್ ಒನ್. ಇಲ್ಲಿ ಮಾತ್ರ ಒಬ್ಬ ಮೈದಾನದೊಳಗಿದ್ದರೆ ಇನ್ನೊಬ್ಬ ಹೆಚ್ಚಿನ ಹೊತ್ತು ಗೆರೆಯಾಚೆ ನಿಂತಿರುತ್ತಿದ್ದ.

ಮಗನೋ ಮಗಳೋ ಅಮೆರಿಕದಲ್ಲಿ ಓದುತ್ತಿದ್ದರೆ ಈ ಆಟದ ಸುದ್ದಿ ಮನೆಯ ವಾಟ್ಸಾಪ್‌ಗೂ ಬಂದು ಬೀಳುತ್ತದೆ. ಆಗಸ್ಟ್ ಕೊನೆಯಿಂದ ಶನಿವಾರ ಬಂತೆಂದರೆ ಕ್ಯಾಂಪಸ್ಸೇ ಒಂದು ಬಣ್ಣಕ್ಕೆ ತಿರುಗುತ್ತದೆ. ಸರಿ, ನಾವೂ ನೋಡೋಣ ಅಂತ ಪಂದ್ಯ ಹಾಕಿಕೊಂಡು ಕೂತರೆ ಹೊಸಬರನ್ನು ಕಾಡುವ ಪ್ರಶ್ನೆ ಒಂದೇ: ಈಗ ತಾನೇ ನಲವತ್ತು ಗಜ ಓಡಿದವನನ್ನು ಕೋಚ್ ಯಾಕೆ ಹೊರಗೆ ಕರೆದ?

ಮೊದಲು ಆಟದ ಅ ಆ ಇ ಈ

ಇದು ನಮಗೆ ಗೊತ್ತಿರುವ ಕಾಲ್ಚೆಂಡು ಅಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಥವಾ ಎಸೆಯುವ ಆಟ. ಒಂದೊಂದು ಕಡೆ 11 ಜನ. ಮೈದಾನದ ಉದ್ದ 100 ಗಜ, ಅದರ ಎರಡೂ ತುದಿಯಲ್ಲಿ ಎಂಡ್ ಝೋನ್. ಚೆಂಡನ್ನು ಎದುರಾಳಿಯ ಎಂಡ್ ಝೋನ್ ಒಳಗೆ ತಲುಪಿಸಿದರೆ ಟಚ್‌ಡೌನ್, ಅದಕ್ಕೆ 6 ಅಂಕ. ಅದರ ಬೆನ್ನಿಗೇ ಒಂದೋ ಎರಡೋ ಹೆಚ್ಚುವರಿ ಅಂಕಕ್ಕೆ ಒಂದು ಅವಕಾಶವೂ ಸಿಗುತ್ತದೆ.

ಚೆಂಡು ಯಾರ ಕೈಯಲ್ಲಿದೆಯೋ ಅವರದ್ದು ಅಫೆನ್ಸ್, ತಡೆಯುವವರದ್ದು ಡಿಫೆನ್ಸ್. ಅಫೆನ್ಸ್‌ಗೆ ನಾಲ್ಕು ಅವಕಾಶ. ಆ ನಾಲ್ಕರೊಳಗೆ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಈ ಅವಕಾಶಗಳಿಗೆ ಡೌನ್ ಅಂತ ಹೆಸರು. ಸಾಮಾನ್ಯವಾಗಿ ಮೂರು ಡೌನ್‌ನಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದುಬಿಡುತ್ತಾರೆ. ನಾಲ್ಕನೇ ಡೌನ್‌ನಲ್ಲೂ ಓಡಲು ಹೊರಟರೆ ಅದು ಜೂಜು. ಈ ಮಾತು ಮುಂದೆ ಬೇಕಾಗುತ್ತದೆ.

ಚೆಂಡು ಕೈಗೆ ಬಂದ ಕ್ಷಣದಿಂದ ಶಿಳ್ಳೆ ಊದುವವರೆಗಿನ ಕೆಲವು ಸೆಕೆಂಡ್‌ಗಳು ಒಂದು ಪ್ಲೇ. ಸಾಮಾನ್ಯವಾಗಿ ಪ್ಲೇ ಶುರುವಾಗುವುದು ಕ್ವಾರ್ಟರ್‌ಬ್ಯಾಕ್‌ನಿಂದ. ಅವನು ಚೆಂಡನ್ನು ದೂರಕ್ಕೆ ಎಸೆಯಬಹುದು, ಇಲ್ಲವೇ ಪಕ್ಕದಲ್ಲೋ ಹಿಂದೆಯೋ ನಿಂತಿರುವವನ ಹೊಟ್ಟೆಗೆ ಒತ್ತಿ ಕೊಡಬಹುದು. ಹಾಗೆ ಕೊಡಿಸಿಕೊಂಡು ಗುಂಪಿನೊಳಗೆ ನುಗ್ಗುವವನೇ ರನ್ನಿಂಗ್ ಬ್ಯಾಕ್.

ಓಡುವುದಷ್ಟೇ ಕೆಲಸ ಅಲ್ಲ

ರನ್ನಿಂಗ್ ಬ್ಯಾಕ್ ಪ್ರತಿ ಸಲ ಚೆಂಡು ಹಿಡಿದಾಗಲೂ ಏಟು ತಿನ್ನುವುದು ಬಹುತೇಕ ಖಚಿತ. ನೂರ ಮೂವತ್ತು ಕಿಲೋ ತೂಗುವವರು ಮೇಲೆ ಬೀಳುತ್ತಾರೆ. ಎದ್ದು ನಿಂತು ಮತ್ತೆ ಅದನ್ನೇ ಮಾಡಬೇಕು. ಒಂದು ಪಂದ್ಯದಲ್ಲಿ ಇಪ್ಪತ್ತು ಸಲ ಓಡಿದವನಿಗೆ ಭಾನುವಾರ ಬೆಳಗ್ಗೆ ಮೆಟ್ಟಿಲು ಇಳಿಯುವುದೂ ಕಷ್ಟವೇ.

ಇನ್ನೊಂದು ಕೆಲಸ ಟಿವಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಎಸೆಯಲು ಹೊರಟಾಗ ಅವನ ಮೇಲೆ ನುಗ್ಗಿ ಬರುವ ಡಿಫೆಂಡರ್‌ಗೆ ಅಡ್ಡ ನಿಲ್ಲಬೇಕು. ಯಾರು ಎಲ್ಲಿಂದ ನುಗ್ಗುತ್ತಾರೆ ಅಂತ ಒಂದೆರಡು ಸೆಕೆಂಡ್‌ನಲ್ಲಿ ಓದಿಕೊಳ್ಳಬೇಕು. ಹೈಸ್ಕೂಲ್‌ನಲ್ಲಿ ಮಿಂಚಿನಂತೆ ಓಡಿದ ಹುಡುಗರು ಕಾಲೇಜಿಗೆ ಬಂದ ಮೊದಲ ವರ್ಷ ಬೆಂಚ್ ಕಾಯುವುದಕ್ಕೆ ಬಹಳ ಸಲ ಇದೇ ಕಾರಣ. ಅಡ್ಡ ನಿಲ್ಲಲು ಬಾರದವನನ್ನು ಪಾಸ್ ಎಸೆಯುವ ಹೊತ್ತಿನಲ್ಲಿ ಒಳಗಿಟ್ಟರೆ ಕ್ವಾರ್ಟರ್‌ಬ್ಯಾಕ್‌ನ ಮೂಳೆ ಮುರಿದೀತು. ಇದರ ಜೊತೆಗೆ ಬಯಲಿಗೆ ಓಡಿ ಪಾಸ್ ಹಿಡಿಯುವ ಕೆಲಸವೂ ಇದೆ.

ಓಟ, ಅಡ್ಡಗಟ್ಟುವುದು, ಹಿಡಿಯುವುದು ಈ ಮೂರನ್ನೂ ಒಂದೇ ಮಟ್ಟದಲ್ಲಿ ಮಾಡುವವರು ಅಪರೂಪ. ಹಾಗಾಗಿಯೇ ಇಬ್ಬರ ಲೆಕ್ಕ ಶುರುವಾಗುತ್ತದೆ.

ದಣಿವು ನಿಜ, ಆದರೆ ಅದೊಂದೇ ಕಾರಣ ಅಲ್ಲ

'ಇಬ್ಬರಿದ್ದರೆ ಕಾಲು ಹೊಸದಾಗಿರುತ್ತೆ' ಅನ್ನುವುದು ಕಾಮೆಂಟರಿಯಲ್ಲಿ ಸದಾ ಕೇಳುವ ಮಾತು. ಸುಳ್ಳಲ್ಲ. ಕಾಲೇಜ್ ಸೀಸನ್ ಉದ್ದವಾಗುತ್ತಲೇ ಇದೆ. ಮಾಮೂಲಿ ಪಂದ್ಯಗಳು 12. 2024ರಿಂದ ಪ್ಲೇಆಫ್‌ಗೆ 12 ತಂಡ ಬರುತ್ತಿರುವುದರಿಂದ, ಆ ವರ್ಷ ಚಾಂಪಿಯನ್ ಆದ ಒಹಾಯೊ ಸ್ಟೇಟ್ ಒಟ್ಟು 16 ಪಂದ್ಯ ಆಡಬೇಕಾಯಿತು. ಒಬ್ಬನ ಮೈ ಮೇಲೆ ಅಷ್ಟನ್ನೂ ಹೇರುವುದು ಕಷ್ಟ.

ಅಂಕಿಗಳನ್ನೇ ನೋಡಿ. ಜಡ್ಕಿನ್ಸ್ ಇದಕ್ಕೆ ಮೊದಲು ಓಲ್ ಮಿಸ್ ಎಂಬ ಮಿಸಿಸಿಪ್ಪಿಯ ವಿಶ್ವವಿದ್ಯಾಲಯದಲ್ಲಿ ಆಡುತ್ತಿದ್ದ. ಅಲ್ಲಿ ಎರಡು ಸೀಸನ್, ಎರಡರಲ್ಲೂ 270ಕ್ಕೂ ಹೆಚ್ಚು ಸಲ ಚೆಂಡು ಹಿಡಿದು ಓಡಿದ್ದ. ಒಹಾಯೊ ಸ್ಟೇಟ್‌ನಲ್ಲಿ ಪಂದ್ಯಗಳು ಹೆಚ್ಚಾದವು, ಓಟ ಮಾತ್ರ 194ಕ್ಕೆ ಇಳಿಯಿತು. ಗಳಿಸಿದ್ದು 1,060 ಗಜ. ಹೆಂಡರ್ಸನ್ 144 ಓಟದಲ್ಲಿ 1,016 ಗಜ. ಅಂದರೆ ಸಲಕ್ಕೆ ಸರಾಸರಿ 7 ಗಜಕ್ಕಿಂತ ಜಾಸ್ತಿ. ಹತ್ತು ಗಜಕ್ಕೆ ನಾಲ್ಕು ಅವಕಾಶ ಇರುವ ಆಟದಲ್ಲಿ ಇದು ಭಾರೀ ಸರಾಸರಿ.

ಆದರೆ ದಣಿವು ತಪ್ಪಿಸುವುದಷ್ಟೇ ಗುರಿಯಾಗಿದ್ದರೆ ಸುಮ್ನೆ ಒಬ್ಬ ಸಾಧಾರಣ ಬದಲಿ ಆಟಗಾರ ಸಾಕಿತ್ತು. ಇಬ್ಬರು ಪ್ರತಿಭಾವಂತರನ್ನು ಇಟ್ಟುಕೊಳ್ಳುವುದರ ನಿಜವಾದ ಲಾಭ ಕಾಣುವುದು ಡಿಫೆನ್ಸ್‌ನ ಕಡೆಯಿಂದ ನೋಡಿದಾಗ. ಒಂದು ತುದಿಯಿಂದ ಜಾವಗಲ್ ಶ್ರೀನಾಥ್, ಇನ್ನೊಂದು ತುದಿಯಿಂದ ಅನಿಲ್ ಕುಂಬ್ಳೆ ಹಾಕುತ್ತಿದ್ದಾಗ ಬ್ಯಾಟ್ಸ್‌ಮನ್‌ಗೆ ಏನಾಗುತ್ತಿತ್ತು? ಒಂದು ವೇಗಕ್ಕೆ ಕಣ್ಣು ಒಗ್ಗುವಷ್ಟರಲ್ಲಿ ಓವರ್ ಮುಗಿದು ಇನ್ನೊಂದು ಶುರು. ಡಿಫೆಂಡರ್‌ಗೂ ಹಾಗೇ ಆಗುತ್ತದೆ. ಜಡ್ಕಿನ್ಸ್ ಥರದವನು ಭುಜ ಕೊಟ್ಟು ನೇರ ನುಗ್ಗುತ್ತಾನೆ. ಅವನನ್ನು ಬೀಳಿಸಲು ಡಿಫೆಂಡರ್ ಕಾಲು ಗಟ್ಟಿಯಾಗಿ ಊರಿ ಮುಂದಕ್ಕೆ ಬಾಗಬೇಕು. ಮುಂದಿನ ಪ್ಲೇನಲ್ಲಿ ಹೆಂಡರ್ಸನ್ ಬಂದು ಹೊರಗಡೆ ಚಿಮ್ಮಿದರೆ, ಹಾಗೆ ಮುಂದಕ್ಕೆ ಬಾಗಿದವನೇ ಮೋಸ ಹೋಗುತ್ತಾನೆ.

ಈ ಜೋಡಿ ಹೊಸ ಉಪಾಯವೇನಲ್ಲ. 1944ರಿಂದ 1946ರವರೆಗೆ ಅಮೆರಿಕದ ಸೇನಾ ಅಕಾಡೆಮಿಯ ತಂಡ ಒಂದೂ ಪಂದ್ಯ ಸೋಲಲಿಲ್ಲ. ಅದರಲ್ಲಿ ಡಾಕ್ ಬ್ಲಾಂಚರ್ಡ್ ನಡುವೆ ನುಗ್ಗುವವನು, ಗ್ಲೆನ್ ಡೇವಿಸ್ ಪಕ್ಕಕ್ಕೆ ಓಡುವವನು. ಪತ್ರಿಕೆಗಳು 'ಮಿಸ್ಟರ್ ಇನ್‌ಸೈಡ್', 'ಮಿಸ್ಟರ್ ಔಟ್‌ಸೈಡ್' ಅಂತ ಹೆಸರಿಟ್ಟವು. ಕಾಲೇಜ್ ಫುಟ್‌ಬಾಲ್‌ನ ಅತಿ ದೊಡ್ಡ ವೈಯಕ್ತಿಕ ಪ್ರಶಸ್ತಿಯಾದ ಹೈಸ್‌ಮನ್ ಟ್ರೋಫಿ 1945ರಲ್ಲಿ ಬ್ಲಾಂಚರ್ಡ್‌ಗೆ, 1946ರಲ್ಲಿ ಡೇವಿಸ್‌ಗೆ ಸಿಕ್ಕಿತು.

ಇಬ್ಬರೂ ಒಟ್ಟಿಗೆ ಒಳಗೆ ಬಂದಾಗ

ಸರದಿ ಪ್ರಕಾರ ಆಡಿಸುವುದು ಒಂದು ದಾರಿ. ಇಬ್ಬರನ್ನೂ ಒಂದೇ ಪ್ಲೇನಲ್ಲಿ ಇಳಿಸುವುದು ಇನ್ನೊಂದು. ಇದಕ್ಕೆ ಕೋಚ್‌ಗಳು 'ಪೋನಿ' ಅನ್ನುತ್ತಾರೆ. ಇಲ್ಲಿ ಸ್ವಲ್ಪ ಗಣಿತ ಇದೆ, ಹೆದರಬೇಡಿ.

ಅಫೆನ್ಸ್‌ನ 11 ಜನರಲ್ಲಿ ಐವರು ಎದುರಾಳಿಯನ್ನು ಅಡ್ಡಗಟ್ಟುವ ಮುಂದಿನ ಸಾಲಿನವರು, ಒಬ್ಬ ಕ್ವಾರ್ಟರ್‌ಬ್ಯಾಕ್. ಈ ಆರು ಜನ ಬಹುತೇಕ ಬದಲಾಗುವುದಿಲ್ಲ. ಉಳಿದ ಐದು ಜಾಗ ಕೋಚ್‌ನ ಕೈಯಲ್ಲಿದೆ. ಅವನ್ನು ಮೂರು ಬಗೆಯವರಿಂದ ತುಂಬುತ್ತಾರೆ. ರನ್ನಿಂಗ್ ಬ್ಯಾಕ್ ಒಬ್ಬ. ಪಾಸ್ ಹಿಡಿಯುವ ವೇಗದ ರಿಸೀವರ್ ಇನ್ನೊಬ್ಬ. ಅಡ್ಡಗಟ್ಟುವುದನ್ನೂ ಹಿಡಿಯುವುದನ್ನೂ ಬಲ್ಲ ಟೈಟ್ ಎಂಡ್ ಮೂರನೆಯವನು. ಈ ಹಂಚಿಕೆಯನ್ನು ಎರಡು ಅಂಕಿಗಳಲ್ಲಿ ಹೇಳುವ ರೂಢಿ ಇದೆ. ಮೊದಲ ಅಂಕಿ ಎಷ್ಟು ರನ್ನಿಂಗ್ ಬ್ಯಾಕ್, ಎರಡನೆಯದು ಎಷ್ಟು ಟೈಟ್ ಎಂಡ್. ಐದರಲ್ಲಿ ಮಿಕ್ಕವರು ರಿಸೀವರ್‌ಗಳು. '11' ಅಂದರೆ ಒಬ್ಬ ಬ್ಯಾಕ್, ಒಬ್ಬ ಟೈಟ್ ಎಂಡ್, ಮೂವರು ರಿಸೀವರ್. ಇವತ್ತು ಅತಿ ಹೆಚ್ಚು ಕಾಣುವುದು ಇದೇ. '21' ಅಂದರೆ ಇಬ್ಬರು ಬ್ಯಾಕ್, ಒಬ್ಬ ಟೈಟ್ ಎಂಡ್, ಇಬ್ಬರು ರಿಸೀವರ್. '20' ಅಂದರೆ ಇಬ್ಬರು ಬ್ಯಾಕ್, ಮೂವರು ರಿಸೀವರ್.

ಡಿಫೆನ್ಸ್ ಈ ಲೆಕ್ಕ ನೋಡಿಯೇ ತನ್ನವರನ್ನು ಇಳಿಸುತ್ತದೆ. ಮೂವರು ರಿಸೀವರ್ ಬಂದರೆ ಒಬ್ಬ ಲೈನ್‌ಬ್ಯಾಕರ್‌ನನ್ನು ತೆಗೆದು ಐದನೇ ಡಿಫೆನ್ಸಿವ್ ಬ್ಯಾಕ್‌ನನ್ನು ಹಾಕುತ್ತದೆ. ಲೈನ್‌ಬ್ಯಾಕರ್ ಅಂದರೆ ಮೈಕಟ್ಟಿನಲ್ಲಿ ದಪ್ಪ, ಓಟ ತಡೆಯಲು ಗಟ್ಟಿಗ. ಡಿಫೆನ್ಸಿವ್ ಬ್ಯಾಕ್ ಅಂದರೆ ಹಗುರ, ಪಾಸ್ ಹಿಂದೆ ಓಡಲು ಚುರುಕು.

ಈಗ ಇಬ್ಬರು ಪ್ರತಿಭಾವಂತ ಬ್ಯಾಕ್‌ಗಳು ಒಟ್ಟಿಗೆ ಬಂದರು ಅಂದುಕೊಳ್ಳಿ. ಡಿಫೆನ್ಸ್ ಏನು ಮಾಡಬೇಕು? ಇಬ್ಬರೂ ಓಡುವವರೇ ಅಲ್ವಾ ಅಂತ ದಪ್ಪದವರನ್ನೇ ಇಟ್ಟುಕೊಂಡಿತು ಅನ್ನೋಣ. ಪ್ಲೇ ಶುರುವಾಗುವ ಮೊದಲೇ ಒಬ್ಬ ಬ್ಯಾಕ್ ಸರಿದು ರಿಸೀವರ್ ಜಾಗದಲ್ಲಿ ನಿಲ್ಲುತ್ತಾನೆ. ಅವನ ಎದುರಿಗೆ ಬಯಲಲ್ಲಿ ಒಬ್ಬ ಲೈನ್‌ಬ್ಯಾಕರ್. ಓಟದಲ್ಲಿ ಅವನು ಇವನಿಗೆ ಸಮ ಅಲ್ಲವೇ ಅಲ್ಲ. ಪಾಸ್ ಎಸೆದರೆ ಮುಗಿಯಿತು. ಅದಕ್ಕೆ ಹೆದರಿ ಹಗುರದವರನ್ನು ಇಳಿಸಿದರೆ? ಬ್ಯಾಕ್ ಪಕ್ಕಕ್ಕೆ ಹೋಗುವುದೇ ಇಲ್ಲ. ಇಬ್ಬರೂ ಹಿಂದೆಯೇ ನಿಲ್ಲುತ್ತಾರೆ. ಒಬ್ಬ ಮುಂದೆ ನುಗ್ಗಿ ದಾರಿ ಮಾಡುತ್ತಾನೆ, ಇನ್ನೊಬ್ಬ ಅವನ ಬೆನ್ನ ಹಿಂದೆ ಓಡುತ್ತಾನೆ. ಯಾವುದನ್ನು ಆರಿಸಿದರೂ ಏನೋ ಒಂದು ಬಿಟ್ಟುಕೊಡಬೇಕು. ನನ್ನ ಪ್ರಕಾರ ಜೋಡಿಯ ಅತಿ ದೊಡ್ಡ ಬಲ ಇದು. ಆದರೂ ಕೋಚ್‌ಗಳು ಇದನ್ನು ಬಳಸುವುದು ಕಡಿಮೆ. ಇಬ್ಬರು ಬ್ಯಾಕ್ ಬಂದರೆ ಒಬ್ಬ ಒಳ್ಳೆಯ ರಿಸೀವರೋ ಟೈಟ್ ಎಂಡೋ ಹೊರಗೆ ಹೋಗಬೇಕು. ಒಂದೇ ಪ್ಲೇನಲ್ಲಿ ಇಬ್ಬರೂ ಗಾಯಗೊಳ್ಳುವ ಭಯವೂ ಇದೆ.

ಬುಷ್ ಹೊರಗಿದ್ದ ಆ ಒಂದು ಪ್ಲೇ

ಇಬ್ಬರಲ್ಲಿ ಒಬ್ಬ ಒಳಗಿಲ್ಲದಿದ್ದರೆ ಏನಾಗಬಹುದು ಅನ್ನುವುದಕ್ಕೆ 2006ರ ಜನವರಿ 4ರ ರೋಸ್ ಬೌಲ್ ಪಂದ್ಯವನ್ನು ಅಮೆರಿಕದವರು ಇವತ್ತಿಗೂ ಎತ್ತಿಕೊಳ್ಳುತ್ತಾರೆ. ಸ್ಥಳ ಕ್ಯಾಲಿಫೋರ್ನಿಯಾದ ಪಾಸಡೀನಾ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಟೆಕ್ಸಸ್ ನಡುವೆ ಚಾಂಪಿಯನ್ ಪಟ್ಟಕ್ಕಾಗಿ ಪಂದ್ಯ. ಸದರ್ನ್ ಕ್ಯಾಲಿಫೋರ್ನಿಯಾ ಅದಕ್ಕೆ ಮೊದಲು ಸತತ 34 ಪಂದ್ಯ ಗೆದ್ದಿತ್ತು.

ಆ ತಂಡದಲ್ಲಿ ಇಬ್ಬರು. ರೆಜಿ ಬುಷ್, ಮಿಂಚು. ಲೆಂಡೇಲ್ ವೈಟ್, ಗುಡುಗು. ಆ ಸೀಸನ್‌ನಲ್ಲಿ ಬುಷ್ 200 ಸಲ ಓಡಿದ್ದ, ವೈಟ್ 197 ಸಲ. ಅಳೆದು ಹಂಚಿದ ಹಾಗಿದೆ. ಬುಷ್ 1,740 ಗಜ ಗಳಿಸಿ ಹೈಸ್‌ಮನ್ ಗೆದ್ದ. ವೈಟ್ 1,302 ಗಜ ಗಳಿಸಿದ, ಓಡಿ 24 ಟಚ್‌ಡೌನ್ ಹೊಡೆದ. ಎಂಡ್ ಝೋನ್ ಗೆರೆಯ ಹತ್ತಿರ ಬಂದರೆ ವೈಟ್‌ಗೇ ಚೆಂಡು ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಪಂದ್ಯದಲ್ಲಿ ಎರಡು ನಿಮಿಷ ಚಿಲ್ಲರೆ ಉಳಿದಿತ್ತು. ಸದರ್ನ್ ಕ್ಯಾಲಿಫೋರ್ನಿಯಾ 38-33ರಿಂದ ಮುಂದಿತ್ತು. ಚೆಂಡು ಟೆಕ್ಸಸ್‌ನ 45 ಗಜದ ಗೆರೆಯಲ್ಲಿ. ನಾಲ್ಕನೇ ಡೌನ್, ಬೇಕಾಗಿದ್ದು ಎರಡೇ ಗಜ. ಅದು ಸಿಕ್ಕಿದರೆ ಪಂದ್ಯ ಮುಗಿದಂತೆಯೇ. ಒದೆಯುವುದು ಬೇಡ, ಓಡೋಣ ಅಂತ ಕೋಚ್ ಪೀಟ್ ಕ್ಯಾರಲ್ ನಿರ್ಧರಿಸಿದರು. ಚೆಂಡು ವೈಟ್‌ಗೆ. ಟೆಕ್ಸಸ್ ಗುಂಪಾಗಿ ನಡುವೆ ನುಗ್ಗಿ ಅವನನ್ನು ತಡೆಯಿತು. ಆ ಎರಡು ಗಜ ಸಿಗಲಿಲ್ಲ. ಆ ವರ್ಷದ ಹೈಸ್‌ಮನ್ ವಿಜೇತ ಬುಷ್ ಆಗ ಮೈದಾನದ ಹೊರಗೆ ನಿಂತು ನೋಡುತ್ತಿದ್ದ.

ಚೆಂಡು ಸಿಕ್ಕ ಟೆಕ್ಸಸ್ ಅರ್ಧಕ್ಕೂ ಹೆಚ್ಚು ಮೈದಾನ ದಾಟಿ ಬಂತು. 19 ಸೆಕೆಂಡ್ ಇರುವಾಗ ಕ್ವಾರ್ಟರ್‌ಬ್ಯಾಕ್ ವಿನ್ಸ್ ಯಂಗ್ ತಾನೇ ಓಡಿ ಟಚ್‌ಡೌನ್ ಮಾಡಿದ. ಟೆಕ್ಸಸ್ 41, ಸದರ್ನ್ ಕ್ಯಾಲಿಫೋರ್ನಿಯಾ 38.

ಚೆಂಡನ್ನು ವೈಟ್‌ಗೆ ಕೊಟ್ಟಿದ್ದು ತಪ್ಪು ಅನ್ನಲಾಗದು. ಅದೇ ಪಂದ್ಯದಲ್ಲಿ ಅವನು 124 ಗಜ ಓಡಿ ಮೂರು ಟಚ್‌ಡೌನ್ ಹೊಡೆದಿದ್ದ. ಪ್ರಶ್ನೆ ಇರುವುದು ಬುಷ್ ಹೊರಗಿದ್ದ ಬಗ್ಗೆ. ಅವನು ಒಳಗಿದ್ದು, ಸುಮ್ನೆ ಬಲಗಡೆ ಓಡುವ ನಾಟಕ ಮಾಡಿದ್ದರೂ ಒಬ್ಬಿಬ್ಬರು ಡಿಫೆಂಡರ್‌ಗಳು ಅವನ ಹಿಂದೆ ಹೋಗಲೇಬೇಕಿತ್ತು. ಅವನಿಲ್ಲ ಅಂದಾಗ ಹನ್ನೊಂದು ಜನರಿಗೂ ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಊಹಿಸುವುದು ಸುಲಭವಾಯಿತು. ಸರದಿ ಪದ್ಧತಿಯ ದೊಡ್ಡ ದೌರ್ಬಲ್ಯ ಇದು. ಗುಡುಗು ಬಂದರೆ ನಡುವೆ ಓಟ, ಮಿಂಚು ಬಂದರೆ ಹೊರಗೆ ಓಟ ಅಂತ ಆಗಿಬಿಟ್ಟರೆ ಡಿಫೆನ್ಸ್‌ಗೆ ನೀವೇ ಉತ್ತರ ಹೇಳಿಕೊಟ್ಟಂತೆ. ಜಾಣ ಕೋಚ್‌ಗಳು ಆಗಾಗ ಉಲ್ಟಾ ಮಾಡುತ್ತಾರೆ.

ಪಾಲು ಹಾಕುವುದು ಹೇಗೆ

ಕೆಲವರು ಪ್ಲೇಯಿಂದ ಪ್ಲೇಗೆ ಬದಲಿಸುತ್ತಾರೆ. ಕೆಲವರು ಒಂದು ಡ್ರೈವ್ ಪೂರ್ತಿ ಒಬ್ಬನಿಗೆ, ಮುಂದಿನದು ಇನ್ನೊಬ್ಬನಿಗೆ ಕೊಡುತ್ತಾರೆ. ಡ್ರೈವ್ ಅಂದರೆ ಚೆಂಡು ಸಿಕ್ಕಾಗಿನಿಂದ ಕಳೆದುಕೊಳ್ಳುವ ಅಥವಾ ಅಂಕ ಗಳಿಸುವ ತನಕ. ಎರಡನೆಯ ಪದ್ಧತಿಗೆ ಒಂದು ಒಳಗುಟ್ಟಿದೆ. ಅಫೆನ್ಸ್ ಆಟಗಾರನನ್ನು ಬದಲಿಸಿದರೆ ಡಿಫೆನ್ಸ್‌ಗೂ ಬದಲಿಸಲು ಸಮಯ ಕೊಡಬೇಕು ಅನ್ನುವುದು ನಿಯಮ. ಯಾರನ್ನೂ ಬದಲಿಸದೆ ಬೇಗ ಬೇಗ ಪ್ಲೇ ಶುರು ಮಾಡಿದರೆ ಸುಸ್ತಾದ ಡಿಫೆಂಡರ್‌ಗಳು ಹೊರಗೆ ಹೋಗಲು ಆಗುವುದಿಲ್ಲ. ಅದಕ್ಕೇ ವೇಗದ ಆಟ ಇಷ್ಟಪಡುವ ತಂಡಗಳು ಡ್ರೈವ್ ಮಧ್ಯೆ ಬ್ಯಾಕ್ ಬದಲಿಸುವುದು ಕಡಿಮೆ.

ಮೂರನೆಯದು, ಅವತ್ತು ಯಾರ ಕಾಲು ಓಡುತ್ತಿದೆಯೋ ಅವನಿಗೇ ಕೊಡುವುದು. 2024ರ ಜನವರಿ 8ರಂದು ಮಿಷಿಗನ್ ವಾಷಿಂಗ್ಟನ್ ವಿರುದ್ಧ ಫೈನಲ್ ಆಡಿತು. ಸೀಸನ್ ಉದ್ದಕ್ಕೂ ಮಿಷಿಗನ್‌ನ ಭಾರ ಹೊತ್ತವನು ಬ್ಲೇಕ್ ಕೋರಮ್. ಅವನ ಜೊತೆಗಾರ ಡೊನೊವನ್ ಎಡ್ವರ್ಡ್ಸ್‌ಗೆ ಆ ವರ್ಷ ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಫೈನಲ್‌ನ ಮೊದಲ ಕ್ವಾರ್ಟರ್‌ನಲ್ಲೇ, ಅಂದರೆ ಆಟದ ಮೊದಲ ಕಾಲು ಭಾಗದಲ್ಲೇ, ಎಡ್ವರ್ಡ್ಸ್ 41 ಮತ್ತು 46 ಗಜದ ಎರಡು ಟಚ್‌ಡೌನ್ ಓಡಿಬಿಟ್ಟ. ಒಟ್ಟು ಆರೇ ಓಟ, 104 ಗಜ. ಮುಂದಿನ ಕೆಲಸ ಕೋರಮ್‌ನದ್ದು: 134 ಗಜ, ಅವನದ್ದೂ ಎರಡು ಟಚ್‌ಡೌನ್. ಮಿಷಿಗನ್ 34-13ರಿಂದ ಗೆದ್ದಿತು.

ಒಬ್ಬ ಕಳೆದದ್ದನ್ನು ಇನ್ನೊಬ್ಬ ತಂದಾಗ

ಜೋಡಿ ಅಂದಾಗ ನನಗೆ ಮೊದಲು ನೆನಪಾಗುವುದು ಜಾರ್ಜಿಯಾ ವಿಶ್ವವಿದ್ಯಾಲಯದ ನಿಕ್ ಚಬ್ ಮತ್ತು ಸೋನಿ ಮಿಶೆಲ್. ಇಬ್ಬರೂ 2014ರಲ್ಲಿ ಒಟ್ಟಿಗೆ ಸೇರಿದವರು. 2015ರ ಅಕ್ಟೋಬರ್‌ನಲ್ಲಿ ಟೆನೆಸಿ ವಿರುದ್ಧ ಮೊದಲ ಪ್ಲೇನಲ್ಲೇ ಚಬ್‌ನ ಮಂಡಿ ತಿರುಚಿ ಆ ಸೀಸನ್ ಅಲ್ಲಿಗೇ ಮುಗಿಯಿತು. ಮಿಶೆಲ್ ಆ ಜಾಗ ಹಿಡಿದು ಸಾವಿರ ಗಜ ದಾಟಿದ. ಎರಡನೇ ಪ್ರತಿಭಾವಂತ ಬ್ಯಾಕ್ ಇಲ್ಲದ ತಂಡಕ್ಕೆ ಅಂಥ ಗಾಯವಾದರೆ ಇಡೀ ಸೀಸನ್ನೇ ಹಾಳು.

2016ರ ಕೊನೆಗೆ ಇಬ್ಬರೂ ವೃತ್ತಿಪರ ಲೀಗ್ ಆದ ಎನ್ಎಫ್ಎಲ್‌ಗೆ ಹೋಗಬಹುದಿತ್ತು. ಹೋಗದೆ ಇನ್ನೊಂದು ವರ್ಷ ಉಳಿದರು. 2017ರಲ್ಲಿ ಚಬ್ 1,345 ಗಜ, ಮಿಶೆಲ್ 1,227 ಗಜ. ಜಾರ್ಜಿಯಾ ಪ್ಲೇಆಫ್ ತಲುಪಿತು. 2018ರ ಜನವರಿ 1ರಂದು ಮತ್ತೆ ಅದೇ ರೋಸ್ ಬೌಲ್, ಎದುರಾಳಿ ಒಕ್ಲಹೋಮಾ.

ಕೊನೆಯ ಕ್ವಾರ್ಟರ್‌ನಲ್ಲಿ ಮಿಶೆಲ್ ಕೈಯಿಂದ ಚೆಂಡು ಜಾರಿತು. ಒಕ್ಲಹೋಮಾದವನು ಎತ್ತಿಕೊಂಡು ಓಡಿ ಟಚ್‌ಡೌನ್ ಮಾಡಿದ, ಜಾರ್ಜಿಯಾ 38-45ರಿಂದ ಹಿಂದೆ ಬಿತ್ತು. ಒಂದು ನಿಮಿಷಕ್ಕಿಂತ ಕಡಿಮೆ ಇದ್ದಾಗ ಚಬ್ ಎರಡು ಗಜ ದೂರದಿಂದ ನುಗ್ಗಿ ಟಚ್‌ಡೌನ್ ಮಾಡಿದ, ಪಂದ್ಯ ಸಮವಾಯಿತು. ಎರಡನೇ ಓವರ್‌ಟೈಮ್‌ನಲ್ಲಿ ಚೆಂಡು ಕ್ವಾರ್ಟರ್‌ಬ್ಯಾಕ್‌ಗೂ ಹೋಗದೆ ನೇರ ಮಿಶೆಲ್ ಕೈಗೆ ಬಂತು. 27 ಗಜ ಓಡಿ ಪಂದ್ಯ ಮುಗಿಸಿದ. 54-48. ಆ ದಿನ ಮಿಶೆಲ್ 11 ಓಟದಲ್ಲಿ 181 ಗಜ, ಚಬ್ 14 ಓಟದಲ್ಲಿ 145 ಗಜ. ಚೆಂಡು ಜಾರಿಸಿದವನ ಕೈಗೇ ಕೊನೆಯ ಪ್ಲೇ ಕೊಟ್ಟ ಕೋಚ್ ಕರ್ಬಿ ಸ್ಮಾರ್ಟ್‌ರ ಧೈರ್ಯವನ್ನೂ ಮೆಚ್ಚಬೇಕು. ಒಂದು ವಾರದ ನಂತರ ಫೈನಲ್‌ನಲ್ಲಿ ಅಲಬಾಮಾ ವಿರುದ್ಧ ಓವರ್‌ಟೈಮ್‌ನಲ್ಲಿ ಸೋತರು, ಅದು ಬೇರೆ ಕಥೆ.

ದಾರಿ ಇಲ್ಲದಿದ್ದರೆ ಯಾರು ಓಡಿಯಾರು

ಇಬ್ಬರಿದ್ದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಮುಂದಿನ ಸಾಲಿನ ಐವರು ದಾರಿ ತೆಗೆಯದಿದ್ದರೆ ಎಂಥ ಓಟಗಾರನೂ ಗೋಡೆಗೆ ಹೋಗಿ ಬಡಿಯುತ್ತಾನೆ. 2024ರಲ್ಲಿ ಒಹಾಯೊ ಸ್ಟೇಟ್‌ನ ಸಾಲಿನಲ್ಲಿ ಇಬ್ಬರು ಮುಖ್ಯ ಆಟಗಾರರು ಗಾಯಗೊಂಡು ಹೊರಗಿದ್ದರು. ನವೆಂಬರ್ 30ರಂದು ತವರಿನಲ್ಲಿ ಬದ್ಧವೈರಿ ಮಿಷಿಗನ್ ಎದುರು ಜಡ್ಕಿನ್ಸ್, ಹೆಂಡರ್ಸನ್ ಇಬ್ಬರೂ ಇದ್ದರು, ಆದರೂ 13-10ರಿಂದ ಸೋಲಾಯಿತು. ನಡುವೆ ನಡುವೆ ಅಂತ ನುಗ್ಗಿಸುತ್ತಲೇ ಇದ್ದದ್ದಕ್ಕೆ ಕೋಚ್‌ಗಳು ಚೆನ್ನಾಗಿ ಬೈಸಿಕೊಂಡರು. ಪ್ಲೇಆಫ್‌ನಲ್ಲಿ ಕಥೆ ಬದಲಾಯಿತು. ಟೆಕ್ಸಸ್ ವಿರುದ್ಧ ಸೆಮಿಫೈನಲ್‌ನಲ್ಲಿ ಹೆಂಡರ್ಸನ್ ಒಂದು ಚಿಕ್ಕ ಪಾಸ್ ಹಿಡಿದು 75 ಗಜ ಓಡಿದ. ಫೈನಲ್‌ನಲ್ಲಿ ಜಡ್ಕಿನ್ಸ್ ಮೂರು ಟಚ್‌ಡೌನ್ ಮಾಡಿದ.

ಇಬ್ಬರನ್ನೂ ಉಳಿಸಿಕೊಳ್ಳುವ ಪಾಡು

ಒಬ್ಬನಿಗೆ ಚೆಂಡು ಕೊಟ್ಟರೆ ಇನ್ನೊಬ್ಬನಿಗೆ ತಪ್ಪುತ್ತದೆ. ಗಜ ಕಡಿಮೆಯಾದರೆ ಹೈಸ್‌ಮನ್ ಮತ ಕಡಿಮೆ, ಹೆಸರೂ ಕಡಿಮೆ. ಹಿಂದೆಲ್ಲ ಬೇಸರವಾದರೂ ಹುಡುಗ ಬಿಟ್ಟುಹೋಗುವುದು ಸುಲಭವಿರಲಿಲ್ಲ. ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಸಾಮಾನ್ಯವಾಗಿ ಒಂದು ವರ್ಷ ಆಡುವಂತಿರಲಿಲ್ಲ. 2021ರಲ್ಲಿ ಆ ನಿಯಮ ಸಡಿಲವಾಯಿತು. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಗಳಿಸಲು ಅನುಮತಿ ಸಿಕ್ಕಿತು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರ ಹಣ ಕೊಡಬಹುದು. ಮೊದಲ ವರ್ಷ ಒಂದು ವಿಶ್ವವಿದ್ಯಾಲಯ ತನ್ನ ಎಲ್ಲ ಕ್ರೀಡೆಗಳಿಗೂ ಸೇರಿ ಕೊಡಬಹುದಾದ ಮಿತಿ ಸುಮಾರು 2.05 ಕೋಟಿ ಡಾಲರ್.

ಹಾಗಾಗಿ ಬೆಂಚ್ ಮೇಲೆ ಕೂತ ಒಳ್ಳೆಯ ಬ್ಯಾಕ್‌ಗೆ ಬೇರೆ ತಂಡದಿಂದ ಕರೆ ಬರುವುದು ಈಗ ಮಾಮೂಲು. ಜಡ್ಕಿನ್ಸ್ ನಡೆ ಮಾತ್ರ ಉಲ್ಟಾ. ಓಲ್ ಮಿಸ್‌ನಲ್ಲಿ ಅವನೇ ರಾಜ. ಅದನ್ನು ಬಿಟ್ಟು, ಹೆಂಡರ್ಸನ್ ಇರುವ ತಂಡಕ್ಕೇ ಬಂದು ಅರ್ಧ ಪಾಲು ತೆಗೆದುಕೊಂಡ. ಹೆಂಡರ್ಸನ್ ಕೂಡ ಬಿಟ್ಟುಹೋಗಲಿಲ್ಲ. ಇಬ್ಬರಿಗೂ ಸಿಕ್ಕಿದ್ದು ಚಾಂಪಿಯನ್ ಪಟ್ಟ ಮತ್ತು ಕಡಿಮೆ ಏಟು ತಿಂದ ಮೈ.

ಎನ್ಎಫ್ಎಲ್ ತಂಡಗಳು ಪಾಲು ಹಂಚಿಕೊಂಡವರನ್ನು ಕೀಳಾಗಿ ನೋಡುತ್ತವೆಯೇ? ನೋಡಿದಂತಿಲ್ಲ. 2018ರಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮಿಶೆಲ್‌ನನ್ನು 31ನೆಯವನಾಗಿ, ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಚಬ್‌ನನ್ನು 35ನೆಯವನಾಗಿ ತೆಗೆದುಕೊಂಡವು. 2025ರಲ್ಲಿ ಜಡ್ಕಿನ್ಸ್ 36ನೆಯವನು, ಹೆಂಡರ್ಸನ್ 38ನೆಯವನು. ತಮಾಷೆ ಎಂದರೆ ಕರೆದುಕೊಂಡ ತಂಡಗಳೂ ಅವೇ ಎರಡು: ಜಡ್ಕಿನ್ಸ್‌ನನ್ನು ಬ್ರೌನ್ಸ್, ಹೆಂಡರ್ಸನ್‌ನನ್ನು ಪೇಟ್ರಿಯಟ್ಸ್.